ಅಡವಯ್ಯ ಅಜ್ಜನವರು ತಮ್ಮ ಮಾತು ಹಿಂದಕ್ಕೆ ತೆಗೆದುಕೊಂಡ ದಿನ

ಮಲಪ್ರಭೆಯ ದಂಡೆಯ ಕೆಂಚನಾಳ ನೇಕಾರರ ಊರು. ಅಲ್ಲಿ ಪರಮಪೂಜ್ಯ ಶ್ರೀ ಅಡವಯ್ಯ ಅಜ್ಜನವರ ಮಠವೆಂದರೆ ದೊಡ್ಡ ಕಟ್ಟಡವೇನಲ್ಲ. ಮಣ್ಣಿನ ಮಾಳಿಗೆಯ ಎರಡು ಖೋಲಿ, ಮುಂದೊಂದು ಬೇವಿನ ಮರ, ಅಷ್ಟೇ. ಪೂಜ್ಯರು ಮಲಗುತ್ತಿದ್ದುದು ಕಂಬಳಿಯ ಮೇಲೆ, ಉಣ್ಣುತ್ತಿದ್ದುದು ಐದು ಮನೆಯ ಭಿಕ್ಷೆಯ ಜೋಳದ ರೊಟ್ಟಿ. ಬೆಳಗಾದರೆ ಸುತ್ತಲಿನ ಓಣಿಗಳಲ್ಲಿ ಮಗ್ಗದ ಸಪ್ಪಳ ಶುರುವಾಗುತ್ತಿತ್ತು. ಆ ಸಪ್ಪಳದ ನಡುವೆಯೇ ಅವರು ಲಿಂಗಪೂಜೆಗೆ ಕೂಡುತ್ತಿದ್ದರು. ಊರು ದುಡಿಯುವ ಸದ್ದು ಕೇಳಿದರೆ ತಮಗೆ ಮನಸ್ಸು ನಿಲ್ಲುತ್ತದೆ ಎನ್ನುತ್ತಿದ್ದರಂತೆ. ಅಂಥ ಮಹಾತ್ಮರ ಮನಸ್ಸು ಮೂರು ದಿನ ನಿಲ್ಲದೇ ಹೋದ ಸಂಗತಿಯನ್ನು ನಾನು ಹೇಳಬೇಕಾಗಿದೆ.

ಹೇಳುವ ನಾನು ಯಾರೆಂದರೆ, ಆ ಊರ ದೈವದ ಹಿರಿಯ ಕೂಡ್ಲೆಪ್ಪನ ಮಗಳು. ದೈವವೆಂದರೆ ನಮ್ಮ ಕಡೆ ಕುಲದ ಪಂಚಾಯಿತಿ. ಈ ಪ್ರಸಂಗದಲ್ಲಿ ನಮ್ಮಪ್ಪನಿಗೆ ಒಳ್ಳೆಯ ಹೆಸರೇನೂ ಬರುವುದಿಲ್ಲ. ಆದರೆ ಸಾಯುವ ತನಕ ಅವನೇ ಇದನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ ಮೇಲೆ ಮುಚ್ಚಿಡುವುದಕ್ಕೆ ನನಗೇನು ಉಳಿದಿದೆ?

ಆಗ ನಮ್ಮೂರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಮನೆಮನೆಯಲ್ಲೂ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುವುದು. ಹೆಣ್ಣುಮಕ್ಕಳು ನೂಲು ಬಿಡಿಸಬೇಕು, ಗಂಜಿ ಹಾಕಬೇಕು, ಲಾಳಿಗೆ ಹಾಕುವ ಕಂಡಿಕೆ ಸುತ್ತಬೇಕು, ಮಗ್ಗದ ಮೇಲಿನ ಹಳೆಯ ಹಾಸಿನ ಉದ್ದೆಳೆಗಳ ತುದಿಗೆ ಹೊಸ ಹಾಸನ್ನು ಒಂದೊಂದೇ ಎಳೆಯಾಗಿ ಹೊಸೆದು ಕೆಚ್ಚಬೇಕು. ಇಷ್ಟೆಲ್ಲ ಮಾಡಿದ ಮೇಲೂ ಕುಣಿಗೆ ಮಾತ್ರ ಇಳಿಯಬಾರದು, ಇಳಿದರೆ ಮಗ್ಗಕ್ಕೆ ಮೈಲಿಗೆ. ಹಿಂದಿನಿಂದ ಬಂದ ಪದ್ಧತಿ ಎನ್ನುತ್ತಿದ್ದರು. ಎಷ್ಟು ಹಿಂದಿನಿಂದ ಎಂದು ಕೇಳಿದ ಪುಣ್ಯಾತ್ಮ ಒಬ್ಬನೂ ಇರಲಿಲ್ಲ.

ನಮ್ಮ ಓಣಿಯ ಸಂಕವ್ವನ ಗಂಡ ಈರಪ್ಪ ದಮ್ಮಿನ ರೋಗದಿಂದ ತೀರಿಕೊಂಡ. ಹಿಂದೆ ಉಳಿದದ್ದು ಇಬ್ಬರು ಸಣ್ಣ ಹೆಣ್ಣುಮಕ್ಕಳು ಮತ್ತು ಮಗ್ಗದ ಮೇಲೆ ಅರ್ಧ ನೇಯ್ದ ಒಂದು ಸೀರೆ. ಅವನು ಮಣ್ಣಾಗಿ ಹದಿನೈದು ದಿನ ಕಳೆದಿರಲಿಲ್ಲ, ಬಾಗಿಲು ಹಾಕಿದ ಆ ಮನೆಯೊಳಗಿಂದ ಹಾಡುಹಗಲೇ ಮಗ್ಗದ ಸಪ್ಪಳ ಕೇಳತೊಡಗಿತು. ಅರ್ಧ ಬಿಟ್ಟ ಸೀರೆ ಮುಗಿಸಲು ಈರಪ್ಪ ಬಂದಿದ್ದಾನೆಂದು ಓಣಿಯ ಹೆಂಗಸರು ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿಕೊಂಡರು. ಮಗ್ಗದ ಬಡಿತ ಕೇಳಿದರೆ ಸಾಕು, ನೇಯುವವ ಯಾರೆಂದು ಕಣ್ಣು ಮುಚ್ಚಿ ಹೇಳುತ್ತೇನೆಂಬುದು ನಮ್ಮಪ್ಪನ ಜಂಬ. ಅವನು ಹೋಗಿ ಗೋಡೆಗೆ ಕಿವಿ ಹಚ್ಚಿ ನಿಂತ. ಮುಖ ಸುಣ್ಣದಂತಾಯಿತು. ಇದು ಈರಪ್ಪನ ಬಡಿತವೇ, ಸಂಶಯವೇ ಇಲ್ಲ, ಎಂದು ಊರಿಗೆಲ್ಲ ಸಾರಿದ. ಮರುದಿನ ತೆಂಗಿನಕಾಯಿ, ನಿಂಬೆಹಣ್ಣು, ವಿಭೂತಿ ಹಿಡಿದು ನಾಲ್ಕು ಮಂದಿಯನ್ನು ಕಟ್ಟಿಕೊಂಡು ದೆವ್ವವನ್ನು ಶಾಂತ ಮಾಡಲು ಹೊರಟ. ಬಾಗಿಲು ನೂಕಿದರೆ ಕುಣಿಯಲ್ಲಿ ಲಾಳಿ ಹಿಡಿದು ಕುಳಿತಿದ್ದವಳು ಸಂಕವ್ವ.

ನಾಚಿಕೆಯಾದವನಿಗೆ ಸಿಟ್ಟು ಬರಲು ಎಷ್ಟು ಹೊತ್ತು? ಅಂದೇ ಸಂಜೆ ದೈವ ಕೂಡಿತು. ಬರುವ ಸೋಮವಾರ ಮಗ್ಗ ಎತ್ತಿ ಈರಪ್ಪನ ಚಿಕ್ಕಪ್ಪನ ಮಗನಿಗೆ ಕೊಡುವುದು, ಸಂಕವ್ವ ಮಕ್ಕಳನ್ನು ಕರೆದುಕೊಂಡು ಅಣ್ಣನ ಮನೆ ಸೇರುವುದು ಎಂದು ತೀರ್ಮಾನವಾಯಿತು. ಆ ಅಣ್ಣನ ಮನೆಯಲ್ಲಿ ಅವಳಿಗೆ ಹಂಗಿನ ಕೂಳು ಕಾದಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾರೋ ತುಸು ಮರುಗಿದಾಗ ಅಪ್ಪ ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದ. ಇದು ಅಜ್ಜನವರ ಅಪ್ಪಣೆ ಎಂದ.

ಶುಕ್ರವಾರ ಸಂಕವ್ವ ಮಠಕ್ಕೆ ಬಂದಳು. ಪೂಜ್ಯರು ಕೂಡಲು ಹೇಳಿದರು. ಅವಳಿಂದ ಕೂಡಲಾಗಲಿಲ್ಲ. ಕಂಬ ಹಿಡಿದು ನಿಂತಳು, ಬಾಗಿಲ ತನಕ ಹೋದಳು, ಮತ್ತೆ ತಿರುಗಿ ಬಂದಳು. ತನ್ನ ಕೈಯಲ್ಲಿ ಕಸುಬು ಇರುವಾಗ ಮಕ್ಕಳನ್ನು ಇನ್ನೊಬ್ಬರ ಹೊಸ್ತಿಲಲ್ಲಿ ಏಕೆ ನಿಲ್ಲಿಸಬೇಕು, ತಾವು ಏಕೆ ಹೀಗೆ ಅಪ್ಪಣೆ ಕೊಟ್ಟಿರಿ ಎಂದು ಕೇಳಿದಳು. ತಾವು ಅಂಥ ಅಪ್ಪಣೆ ಕೊಟ್ಟದ್ದು ಯಾವಾಗ ಎಂದು ಪೂಜ್ಯರಿಗೆ ನೆನಪೇ ಆಗಲಿಲ್ಲ. ನೆನಪು ಮಾಡಿಕೊಟ್ಟವಳು ಅವಳೇ. ಎರಡು ವರ್ಷದ ಹಿಂದೆ ಶ್ರೀಶೈಲಕ್ಕೆ ಹೊರಟು ಬಂಡಿಗೆ ಕಾಲಿಟ್ಟಿದ್ದಾಗ ಕೂಡ್ಲೆಪ್ಪ ಬಂದು, ಹೆಂಗಸರು ಕುಣಿಗೆ ಇಳಿಯಬಹುದೇ ಎಂದು ಕೇಳಿದ್ದ. ಹಿಂದಿನವರು ನಡೆದ ಹಾಗೆ ನಡೆಯಿರಿ ಎಂದು ಹೇಳಿ ಪೂಜ್ಯರು ಬಂಡಿ ಹತ್ತಿದ್ದರು.

"ಆ ಮಾತಿನ ಮ್ಯಾಲೆ ದೈವದವರು ನೀಲವ್ವನ ಮಗ್ಗ ಎತ್ತಿದ್ರು, ಅಜ್ಜಾರ. ಮೂರು ಮಕ್ಕಳನ್ನ ಕಟಗೊಂಡು ಸೊಲ್ಲಾಪುರಕ್ಕ ಹೋದಳು. ಅದಾಳೋ ಇಲ್ಲೋ, ಯಾರಿಗೂ ಗೊತ್ತಿಲ್ಲ."

ನೀಲವ್ವನೂ ನಮ್ಮೂರ ವಿಧವೆ, ಗಂಡ ಸತ್ತ ಮೇಲೆ ತಾನೇ ಕುಣಿಗೆ ಇಳಿದು ನೇಯ್ದವಳು. ಅವಳು ಊರು ಬಿಟ್ಟದ್ದು ಪೂಜ್ಯರಿಗೆ ಗೊತ್ತಿತ್ತು, ಏಕೆಂದು ಗೊತ್ತಿರಲಿಲ್ಲ. ಸಂಕವ್ವ ಬರಿಗೈಯಲ್ಲಿ ಮನೆಗೆ ಹೋದಳು.

ಆ ಮೂರು ದಿನ ಪೂಜ್ಯರನ್ನು ಕಂಡವರು ಮುಂದೆ ಅದನ್ನು ಹೇಳುವಾಗ ಧ್ವನಿ ತಗ್ಗಿಸುತ್ತಿದ್ದರು. ಪೂಜೆಗೆ ಕುಳಿತು ವಿಭೂತಿ ಹಚ್ಚಿಕೊಳ್ಳುವವರು ನಡುವೆಯೇ ಎದ್ದುಬಿಡುವರು. ಬೇವಿನ ಮರದಿಂದ ಬಾಗಿಲಿಗೆ, ಬಾಗಿಲಿನಿಂದ ಮರಕ್ಕೆ ತಿರುಗಾಡುವರು. ಭಿಕ್ಷೆಗೆ ಹೋಗಲಿಲ್ಲ, ತಂದುಕೊಟ್ಟದ್ದನ್ನು ಮುಟ್ಟಲಿಲ್ಲ. ಮಗ್ಗದ ಸಪ್ಪಳ ಶುರುವಾದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರಂತೆ.

ಸೋಮವಾರ ಹೊತ್ತು ಏರುವ ಮುಂಚೆ ಅಪ್ಪ ಹಾರೆ, ಹಗ್ಗ, ಆಳುಗಳೊಡನೆ ಸಂಕವ್ವನ ಮನೆಗೆ ಬಂದ. ಬಾಗಿಲಲ್ಲಿ ಪೂಜ್ಯರು ನಿಂತಿದ್ದರು. ಓಣಿಗೆ ಓಣಿಯೇ ನೆರೆಯಿತು. ತಮ್ಮ ಅಪ್ಪಣೆಯಂತೆ ನಡೆದುಕೊಳ್ಳುತ್ತಿದ್ದೇವೆ ಎಂದು ಅಪ್ಪ ಕೈಮುಗಿದ.

"ಅದು ಅಪ್ಪಣಿ ಅಲ್ಲೋ ಕೂಡ್ಲೆಪ್ಪಾ. ಬಂಡಿ ಹತ್ತೋ ಅವಸರದಾಗ ಆಡಿದ ಮಾತು. ತಪ್ಪು ನಂದು. ಹಿಂದಕ್ಕ ತಗೊಂಡೀನಿ."

ಗುರುವಿನ ಬಾಯಿಂದ ಬಂದ ಮಾತು ಹಿಂದಕ್ಕೆ ಹೋಗುವುದೆಂದರೇನು! ಹಿರಿಯರು ಗಲ್ಲ ಗಲ್ಲ ಬಡಿದುಕೊಂಡರು. ಅಪ್ಪ ಮಾತ್ರ ಸೋಲುವವನಲ್ಲ. ಇವತ್ತಿನ ಮಾತು ನಾಳೆ ತಿರುಗಿದರೆ ನಾವು ಯಾವುದನ್ನು ನಂಬುವುದು, ಪದ್ಧತಿಯನ್ನು ಹೀಗೆ ಬದಲಿಸುತ್ತ ಹೋದರೆ ಊರಿಗೆ ಮರ್ಯಾದೆ ಉಳಿಯುತ್ತದೆಯೇ ಎಂದು ಕೇಳಿದ.

ಪೂಜ್ಯರು ಸಿಟ್ಟಾಗಲಿಲ್ಲ. "ನಿಮ್ಮ ಮುತ್ತ್ಯಾನ ಕಾಲಕ್ಕ ಈ ಊರ ಹೆಣ್ಣುಮಕ್ಕಳೆಲ್ಲ ನೂಲ್ತಿದ್ದರು. ಗಿರಣಿ ನೂಲು ಬಂತು, ರಾಟಿ ಎಲ್ಲ ಅಟ್ಟ ಸೇರಿದುವು. ಅವರ ಕೈಯಾಗಿನ ಕಸುಬು ಹೋದ ದಿನ ದೈವ ಕೂಡಿತ್ತೇನು?"

ದೈವ ಕೂಡಿರಲಿಲ್ಲ. ಅಂದು ಬದಲಾದ ಪದ್ಧತಿಯಿಂದ ಯಾರ ಮರ್ಯಾದೆಯೂ ಹೋಗಿರಲಿಲ್ಲ. ಕೊನೆಗೆ ಅಪ್ಪ ಇನ್ನೊಂದು ದಾರಿ ಹಿಡಿದ. ಹೆಂಗಸಿನ ಕೈಯ ನೇಯ್ಗೆ ಪೇಟೆಗೆ ಹೋದರೆ ಕೆಂಚನಾಳದ ಸೀರೆಯ ಹೆಸರು ಕೆಡುತ್ತದೆ, ಈರಪ್ಪನ ಹದ ಇವಳಿಗೆಲ್ಲಿಂದ ಬರಬೇಕು ಎಂದ.

ಅಷ್ಟು ಹೊತ್ತೂ ಒಳಗೆ ಕುಣಿಯ ಅಂಚಿನಲ್ಲಿ ನಿಂತಿದ್ದ ಸಂಕವ್ವ ಹೊರಗೆ ಬಂದಳು. ಗಂಡನ ಮಾನ ಕಳೆಯಬಾರದೆಂದು ಈವರೆಗೆ ನುಂಗಿಕೊಂಡಿದ್ದ ಮಾತನ್ನು ಆಗ ಹೇಳಿದಳು.

"ಅವರಿಗೆ ದಮ್ಮು ಹತ್ತಿ ಆರು ವರ್ಷ ಆಗಿತ್ರಿ, ಯಜಮಾನ್ರ. ಆರು ವರ್ಷದಿಂದ ನೀವು ಕೇಳಿದ ಬಡಿತ ನಂದ ಐತಿ."

ಆ ಆರು ವರ್ಷ ನಮ್ಮಪ್ಪ ಓಣಿಯ ಹುಡುಗರಿಗೆ, ನೇಯ್ಗೆ ಕಲಿಯಬೇಕಾದರೆ ಈರಪ್ಪನ ಗೋಡೆಯ ಹತ್ತಿರ ಕುಳಿತು ಅವನ ಬಡಿತ ಕೇಳಿರಿ ಎಂದು ಬುದ್ಧಿ ಹೇಳಿದ್ದ. ಅದು ಅಲ್ಲಿದ್ದವರಿಗೆಲ್ಲ ಗೊತ್ತು. ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಬಹುಶಃ ಅಪ್ಪ ಮತ್ತೆ ಜಗಳಕ್ಕೆ ನಿಲ್ಲುತ್ತಿದ್ದ.

ಪೂಜ್ಯರು ಸಂಕವ್ವನ ಕಡೆ ತಿರುಗಿ ಬಾಗಿ ಕೈಮುಗಿದರು. ನನ್ನ ಬಾಯಿಂದ ನಿನಗೆ ನೋವಾಯಿತು ತಾಯಿ, ಹೊಟ್ಟೆಗೆ ಹಾಕಿಕೊ ಎಂದರು. ಅವಳು ಹೌಹಾರಿ ಅವರ ಪಾದದ ಮೇಲೆ ಬಿದ್ದಳು. ಆಳುಗಳು ಹಾರೆಯನ್ನು ಹೆಗಲಿಗೇರಿಸಿ ಬಂದ ದಾರಿ ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಆ ಮನೆಯಲ್ಲಿ ಮಗ್ಗ ನಡೆಯುತ್ತಿತ್ತು, ಈ ಸಲ ಬಾಗಿಲು ತೆರೆದಿತ್ತು.

ಪೂಜ್ಯರಿಗೆ ಮಾತ್ರ ಅಷ್ಟಕ್ಕೆ ನೆಮ್ಮದಿ ಸಿಗಲಿಲ್ಲ. ಅಂದೇ ಸೊಲ್ಲಾಪುರದ ದಾರಿ ಹಿಡಿದರು. ನೀಲವ್ವನ ಮಗ್ಗ ಎತ್ತಿಸಿದವನು ತಾನೇ ಎಂದು ಅಪ್ಪನೂ ಹಿಂದೆಯೇ ಹೊರಟ. ಗಿರಣಿಗಳ ಬಾಗಿಲಲ್ಲಿ, ಕೂಲಿಕಾರರ ಚಾಳುಗಳಲ್ಲಿ ಎಂಟು ದಿನ ನೀಲವ್ವನನ್ನು ಹುಡುಕಿದರು. ಸಿಗಲಿಲ್ಲ. ಮರುವರ್ಷ ಹೋದರು, ಅದರ ಮರುವರ್ಷವೂ ಹೋದರು. ಅಂದಿನಿಂದ ಪೂಜ್ಯರು ನಡೆಯುತ್ತ ಯಾರಿಗೂ ಉತ್ತರ ಕೊಡಲಿಲ್ಲ. ದಾರಿಯಲ್ಲಿ ಯಾರಾದರೂ ಏನಾದರೂ ಕೇಳಿದರೆ ಅಲ್ಲೇ ನೆಲದ ಮೇಲೆ ಕುಳಿತು, ಪೂರ್ತಿ ಕೇಳಿಸಿಕೊಂಡು, ಆಮೇಲೆ ಮಾತಾಡುತ್ತಿದ್ದರು. ಲಿಂಗೈಕ್ಯರಾಗುವ ವರ್ಷವೂ, ಸೊಲ್ಲಾಪುರದಿಂದ ಯಾರಾದರೂ ಬಂದರೇ ಎಂದು ಕೇಳಿದರಂತೆ.

ಇನ್ನು ನನ್ನ ಪಾಲಿನದೊಂದು ಉಳಿಯಿತು, ಹೇಳಲು ನಾಚಿಕೆಯಾಗುತ್ತದೆ. ನೀಲವ್ವನ ಮನೆಯಿಂದ ಎತ್ತಿದ ಮಗ್ಗ ದೈವದ ತೀರ್ಮಾನದಂತೆ ನಮ್ಮ ಮನೆಗೇ ಬಂದಿತ್ತು. ಸೊಲ್ಲಾಪುರದಿಂದ ಮೊದಲ ಸಲ ಬರಿಗೈಯಲ್ಲಿ ಬಂದ ಅಪ್ಪ, ರುಮಾಲು ಬಿಚ್ಚಿ ಗೂಟಕ್ಕೆ ಹಾಕಿ ನನ್ನನ್ನು ಕರೆದ. ಆಗ ನನಗೆ ಒಂಬತ್ತು ವರ್ಷ. ರಟ್ಟೆ ಹಿಡಿದು ಆ ಮಗ್ಗದ ಕುಣಿಗೆ ಇಳಿಸಿದ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಬಾಯಿ ತೆರೆದು ನೋಡುತ್ತಿದ್ದಳು. ನಾಳೆಯಿಂದ ಸಂಕವ್ವ ಬಂದು ಕಲಿಸುತ್ತಾಳೆ ಎಂದ ಅಪ್ಪ, ಆಮೇಲೆ ನನ್ನ ಮುಖವನ್ನೂ ನೋಡದೆ ಹೇಳಿದ.

"ಇದು ನೀಲವ್ವನ ಮಗ್ಗ. ಆಕಿ ಬಂದ ದಿನ ಎದ್ದು ಬಿಟ್ಟುಕೊಡಬೇಕು."

ಅಪ್ಪ ಹೋದ, ಸಂಕವ್ವನೂ ಹೋದಳು. ನನಗೀಗ ಎಂಬತ್ತು ದಾಟಿದೆ. ಕಣ್ಣು ಮಂಜಾದರೂ ಆ ಕುಣಿಯಲ್ಲಿ ದಿನಕ್ಕೆ ಗೇಣುದ್ದವಾದರೂ ನೇಯುತ್ತೇನೆ. ಬಾಗಿಲಲ್ಲಿ ಯಾರದೇ ನೆರಳು ಬಿದ್ದರೂ ಕೈ ತಾನಾಗಿ ನಿಲ್ಲುತ್ತದೆ, ಅರ್ಧ ಎದ್ದು ನೋಡುತ್ತೇನೆ.