ನವಿಲುಬಂಡೆಯ ಮಾಯೆಗುಡ್ಡೆ

ನವಿಲುಬಂಡೆಯ ದೊರೆತೋಟದ ಬಾಗಿಲು ದಾಟಿದವರಿಗೆ ಮೊದಲು ಕಾಣುವುದು ತೋಟವಲ್ಲ, ಬಂಡೆಗಳು. ಮಲಗಿದ ಆನೆಗಳು ಏಳುವುದನ್ನೇ ಮರೆತಂತೆ ಬಿದ್ದಿರುವ ಆ ಬಂಡೆಗಳ ಸಂದಿಯಲ್ಲೇ ತಾವರೆಕೊಳ, ಸಂಪಿಗೆಯ ಸಾಲು, ಕಲ್ಲುಹಾಸಿನ ದಾರಿ. ಯಾವುದು ದೇವರು ಇಟ್ಟದ್ದು, ಯಾವುದು ಮಾಲಿ ಇಟ್ಟದ್ದು ಎಂದು ಬಿಡಿಸಿ ಹೇಳಲಾಗದು. ಭಾನುವಾರ ಬಂದರೆ ಇಲ್ಲಿ ಚಿತ್ರಾನ್ನದ ಡಬ್ಬಿಗಳು ತೆರೆದುಕೊಳ್ಳುತ್ತವೆ. ಹೊಸ ಮದುಮಕ್ಕಳು ಕೊಳದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕೊಳ ಬಳಸಿ ಮೇಲೆ ನಡೆದರೆ ಮೌನಿಸ್ವಾಮಿಯ ಗವಿ. ಗವಿಯ ಮೆಟ್ಟಿಲುಗಳ ಬುಡದಲ್ಲಿ ಆಳೆತ್ತರ ಮೀರಿದ ಒಂದು ಕಲ್ಲಿನ ರಾಶಿ. ಅದಕ್ಕೆ ಮಾಯೆಗುಡ್ಡೆ ಎಂದು ಹೆಸರು. ಲೋಕದ ಚೆಂದದ ತೋಟಗಳೆಲ್ಲ ಯಾರದೋ ಹಟದಿಂದ ಹುಟ್ಟಿದವೇ. ಇಲ್ಲಿಯ ಹಟ ಯಾರದೆಂದು ಊರ ಹಿರಿಯರು ಇನ್ನೂ ಮರೆತಿಲ್ಲ.

ಹಿಂದೆ ಒಮ್ಮೆ ಈ ಸೀಮೆಯನ್ನು ಸೂರಪ್ಪ ನಾಯಕನೆಂಬ ಪಾಳೆಯಗಾರ ಆಳುತ್ತಿದ್ದ. ಕಾಡನ್ನು ತೋಟ ಮಾಡಿ, ತೋಟವನ್ನು ಮತ್ತೆ ಕಾಡಿನಂತೆ ತೋರಿಸುವ ಹುಚ್ಚು ಅವನದು. ಜಿಂಕೆ ಬಿಡಿಸಿದ, ನವಿಲು ಸಾಕಿಸಿದ. ನೋಡಲು ಬಂದ ಪರಸ್ಥಳದ ಸರದಾರನೊಬ್ಬ ಎಲ್ಲವನ್ನೂ ಹೊಗಳಿ, ಹೊರಡುವಾಗ, ಇಷ್ಟು ಚೆಂದದ ತಪೋವನದಲ್ಲಿ ತಪಸ್ವಿಯೇ ಇಲ್ಲವಲ್ಲ ಎಂದುಬಿಟ್ಟನಂತೆ. ನಾಯಕನಿಗೆ ಅನ್ನ ಸೇರಲಿಲ್ಲ. ಹುಡುಕಿಸಿ ಒಬ್ಬ ನಿಜವಾದ ಸನ್ಯಾಸಿಯನ್ನು ತಂದು ಗವಿಯಲ್ಲಿ ಕೂರಿಸಿದ. ಆ ಮಹಾನುಭಾವ ತುಪ್ಪ ಹಳಸಲು ಎಂದ, ಗವಿ ಥಂಡಿ ಎಂದ, ಕೊನೆಗೆ ನಾಯಕನ ಕಂದಾಯದ ಮೇಲೂ ಬುದ್ಧಿ ಹೇಳತೊಡಗಿದ. ಅವನನ್ನು ಸಾಗಹಾಕಿದ ಮೇಲೆ ನಾಯಕನಿಗೆ ಹೊಳೆಯಿತು: ಇಂಥ ಕೆಲಸಕ್ಕೆ ನಿಜದವರು ಆಗಿಬರುವುದಿಲ್ಲ.

ಆಗ ಊರ ಮಂಟಪದಲ್ಲಿ ಹಗಲುವೇಷದ ಗಂಡಹೆಂಡಿರು ಬೀಡುಬಿಟ್ಟಿದ್ದರು. ಗಂಡ ಹಂಪಯ್ಯ, ಹೆಂಡತಿ ಸಾಂತವ್ವ. ವೇಷ ಹಾಕಿ ಕುಣಿಯುವವನು ಅವನಾದರೂ, ಬಣ್ಣ ಬರೆಯುವುದು, ನಡಿಗೆ ತಿದ್ದುವುದು, ಎಲ್ಲಿ ನಿಲ್ಲಬೇಕು ಎಲ್ಲಿ ನೋಡಬೇಕು ಎಂದು ಕಲಿಸುವುದು ಎಲ್ಲ ಅವಳೇ. ನಾಯಕ ಅವರನ್ನು ಕರೆಸಿ ಹೇಳಿದ: ಮೂರು ಮಳೆಗಾಲ ಗವಿಯಲ್ಲಿ ಮೌನಿಯಾಗಿ ಕೂರಬೇಕು, ಮಾತಿಲ್ಲ, ಕ್ಷೌರವಿಲ್ಲ, ಅತಿಥಿಗಳು ನೋಡುತ್ತಿರುವಾಗ ನೊಣ ಕೂತರೂ ಓಡಿಸುವಂತಿಲ್ಲ. ಸನ್ಯಾಸಿಗೆ ಹೆಂಡತಿ ಇರಬಾರದಾದ್ದರಿಂದ ಅವಳು ಹತ್ತಿರ ಸುಳಿಯುವಂತಿಲ್ಲ. ಮುಗಿದ ದಿನ ತೋಟದ ಬೇಲಿಯಾಚೆ ಒಂದು ಮನೆ, ಒಂದು ಬಾವಿ. ಹುಟ್ಟಿದಾಗಿನಿಂದ ಪರರ ಜಗಲಿಯಲ್ಲೇ ಮಲಗಿದ್ದ ಸಾಂತವ್ವನಿಗೆ ಒಳಗಿನಿಂದ ಅಗುಳಿ ಹಾಕಿಕೊಳ್ಳಬಹುದಾದ ಒಂದು ಬಾಗಿಲು ಬೇಕಿತ್ತು. ಹಂಪಯ್ಯ ಹಿಂದೆಗೆದ. ಒಪ್ಪಿಸಿದವಳು ಅವಳೇ ಎನ್ನುತ್ತಾರೆ.

ಅವಳು ತೋಟದ ಬಾಗಿಲಲ್ಲಿ ಹುರಿಗಡಲೆ ಮಾರುತ್ತ ದಿನ ದೂಡಿದಳು. ಮೊದಲ ಮಳೆಗಾಲದಲ್ಲಿ ಬಂದವರು ಅತಿಥಿಗಳು, ಎರಡನೆಯದರಲ್ಲಿ ಹರಕೆಯವರು. ಮಾತಾಡದ ಸ್ವಾಮಿಯ ಮೇಲೆ ಜನಕ್ಕೆ ನಂಬಿಕೆ ಬಹಳ, ಅವನು ಯಾರಿಗೂ ಇಲ್ಲ ಎನ್ನುವುದಿಲ್ಲ ನೋಡಿ. ಅವನ ನೋಟ ಬಿದ್ದು ಬಂಜೆ ಬಸುರಾದಳಂತೆ, ಚಳಿಜ್ವರ ಬಿಟ್ಟಿತಂತೆ. ತನ್ನ ಬಿಕ್ಕಳಿಕೆ ನಿಲ್ಲಿಸಿಕೊಳ್ಳಲಾರದ ಗಂಡನ ಈ ಮಹಿಮೆಗಳನ್ನು ಸಾಂತವ್ವ ಕಡಲೆ ಅಳೆಯುತ್ತ ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ಹರಕೆಯ ಹೆಂಗಸೊಬ್ಬಳು ಕನಿಕರದಿಂದ, “ಮಕ್ಕಳಿಲ್ಲವೇನೆ ತಂಗಿ? ಹೋಗಿ ಸ್ವಾಮಿಗಳ ಕಾಲು ಒತ್ತು,” ಎಂದಳು.

“ಒತ್ತಿ ಒತ್ತಿ ನನ್ನ ಕೈಯೇ ಸವೆದೈತೆ, ಅಕ್ಕಾ,” ಎಂದಳು ಸಾಂತವ್ವ.

ಆ ಹೆಂಗಸು ನಗಲಿಲ್ಲ. ಕಡಲೆ ಮಾರುವವಳ ನಾಲಿಗೆ ಕೆಟ್ಟದ್ದು ಎಂಬ ಮಾತು ಅಂದಿನಿಂದ ಹಬ್ಬಿತು.

ಮೂರನೆಯ ಮಳೆಗಾಲ ಮುಗಿದ ದಿನ ಅವಳು ಒಂದು ಕೊಡ ನೀರು, ಒಗೆದ ಪಂಚೆ ಹಿಡಿದು ಮೆಟ್ಟಿಲ ಬುಡಕ್ಕೆ ಬಂದಳು. ಸದ್ದಿಲ್ಲದೆ ಕರೆದುಕೊಂಡು ಹೋಗಬಹುದಿತ್ತಲ್ಲ ಎಂದು ಇಂದಿನವರು ಕೇಳುತ್ತಾರೆ. ಆದರೆ ಅವರ ಕುಲದಲ್ಲಿ ಒಂದು ಕಟ್ಟಳೆಯಿತ್ತು: ಬಣ್ಣ ಬರೆದ ಕೈಯೇ ಬಣ್ಣ ತೊಳೆಯಬೇಕು, ಅದೂ ನೋಡಿದ ಜನರ ಎದುರಿಗೇ. ಕದ್ದು ತೊಳೆದರೆ ವೇಷ ಮೈಗಂಟುತ್ತದೆ. ಸಾಂತವ್ವ ಕಟ್ಟಳೆ ಮೀರಿದವಳಲ್ಲ. ಅಂದು ನಾಯಕ ಹೊಸ ಅತಿಥಿಗಳೊಡನೆ ಅಲ್ಲೇ ಇದ್ದ. ಹರಕೆಯ ಜನ ಕಿಕ್ಕಿರಿದಿತ್ತು. ಹಂಪಯ್ಯ ದರ್ಶನ ಕೊಡಲು ಕೊನೆಯ ಮೆಟ್ಟಿಲವರೆಗೆ ಇಳಿದು ನಿಂತಿದ್ದ.

“ಮುಗೀತು ಕಣಯ್ಯಾ,” ಎಂದಳು ಅವಳು. “ಬಾ, ಬಗ್ಗು. ಮುಖ ತೊಳೀತೀನಿ.”

ಯಾರೋ ಅವಳ ರಟ್ಟೆ ಹಿಡಿದೆಳೆದರು. ಅವಳು ನಾಯಕನ ಕಡೆ ತಿರುಗಿ, ಇವನು ನನ್ನ ಗಂಡ, ಕೂರಿಸಿದವರು ನೀವು, ಹೇಳಿ ಬುದ್ಧಿ ಎಂದು ಕೈಮುಗಿದಳು. ನಾಯಕ ಅತಿಥಿಗಳನ್ನು ನೋಡಿದ, ಜನರನ್ನು ನೋಡಿದ. ಮೌನಿಸ್ವಾಮಿ ಬಂದ ಮೇಲೆ ಅವನ ತೋಟ ಕ್ಷೇತ್ರವಾಗಿತ್ತು; ಕ್ಷೇತ್ರದ ಒಡೆಯನ ಮೇಲೆ ನೆರೆಯವರು ಕತ್ತಿಯೆತ್ತುವುದನ್ನೂ ಬಿಟ್ಟಿದ್ದರು.

“ನಮ್ಮನ್ನು ಯಾಕೆ ಕೇಳ್ತೀಯವ್ವ?” ಎಂದ ಮೆತ್ತಗೆ. “ಸ್ವಾಮಿಗಳೇ ಇದ್ದಾರಲ್ಲ. ಅವರು ಹೂಂ ಅಂದರೆ ಕರಕೊಂಡು ಹೋಗು.”

ಎಲ್ಲರೂ ಹಂಪಯ್ಯನ ಮುಖ ನೋಡಿದರು. ಅವನು ಕಣ್ಣು ಮುಚ್ಚಿಕೊಂಡ. ಆ ಕಣ್ಣು ಮುಚ್ಚುವುದನ್ನು ಕಲಿಸಿದವಳು ಸಾಂತವ್ವನೇ. ಉತ್ತರ ತೋಚದಾಗ ಕಣ್ಣು ಮುಚ್ಚು, ಉತ್ತರವನ್ನು ಜನ ತಾವೇ ಹುಡುಕಿಕೊಳ್ಳುತ್ತಾರೆ ಎಂದಿದ್ದಳು. ಜನ ಹುಡುಕಿಕೊಂಡರು. ಮಾಯೆ, ಸ್ವಾಮಿಯ ತಪಸ್ಸು ಕೆಡಿಸಲು ಬಂದ ಮಾಯೆ ಎಂದಿತು ಒಂದು ದನಿ. ಅವನು ಹೆದರಿ ಮುಚ್ಚಿದನೋ, ರೂಢಿಯಿಂದ ಮುಚ್ಚಿದನೋ, ಮೂರು ವರ್ಷ ಕಾಲಿಗೆ ಬಿದ್ದ ತಲೆಗಳ ಸುಖ ಬಿಡಲಾರದೆ ಮುಚ್ಚಿದನೋ, ಕಥೆ ಹೇಳುವುದಿಲ್ಲ. ಈ ಕಥೆಯನ್ನು ಉಳಿಸಿಕೊಂಡು ಬಂದವರು ಕಲ್ಲು ಎಸೆದವರ ಮಕ್ಕಳು. ಕೊಲ್ಲಬೇಕೆಂದು ಯಾರೂ ಎಸೆಯಲಿಲ್ಲ, ಎಲ್ಲರೂ ಒಂದೊಂದೇ ಎಸೆದರು ಎನ್ನುತ್ತಾರೆ. ಸದ್ದಡಗಿ ಹಂಪಯ್ಯ ಕಣ್ಣು ತೆರೆದಾಗ ಅಲ್ಲಿ ಕಂಡದ್ದು ಕಲ್ಲಿನ ಗುಪ್ಪೆ, ಪಕ್ಕದಲ್ಲಿ ಒಡೆದ ಕೊಡ.

ಮರುದಿನ ಬೆಳಗ್ಗೆ ಅವನು ಬಾಯಿಬಿಟ್ಟ. ನಾನು ವೇಷದವನು, ಅವಳು ನನ್ನ ಹೆಂಡತಿ ಎಂದು ಬಂದವರಿಗೆಲ್ಲ ಹೇಳಿದ. ಸ್ವಾಮಿಯ ಕರುಣೆ ಎಷ್ಟು ದೊಡ್ಡದು, ಆ ಪಾಪಿಯ ಕಳಂಕವನ್ನೂ ತಮ್ಮ ಮೇಲೆ ಹಾಕಿಕೊಂಡರಲ್ಲ ಎಂದು ಜನ ಕಣ್ಣೊರೆಸಿಕೊಂಡರು. ಅವನು ಮೆಟ್ಟಿಲಿಳಿದು ಗುಪ್ಪೆಯ ಮುಂದೆ ಕುಳಿತು, ಅವಳನ್ನು ಹೊರತೆಗೆಯಲೆಂದು ಒಂದು ಕಲ್ಲನ್ನು ಎತ್ತಿದ. ಸ್ವಾಮಿಯ ಕೈಯಲ್ಲಿ ಕಲ್ಲು ಕಂಡದ್ದೇ ತಡ, ಸುತ್ತ ನಿಂತವರೆಲ್ಲ ಬಾಗಿ ಒಂದೊಂದು ಕಲ್ಲು ಆಯ್ದು ಭಕ್ತಿಯಿಂದ ರಾಶಿಯ ಮೇಲೆ ಹಾಕಿದರು. ಬದುಕಿದಷ್ಟು ಕಾಲ ಅವನು ದಿನವೂ ಬಂದು ಕಲ್ಲು ತೆಗೆದನಂತೆ. ಅವನು ಒಂದು ತೆಗೆದರೆ ಹತ್ತು ಬೀಳುತ್ತಿದ್ದವು.

ಈಗಲೂ ಗವಿಗೆ ಹತ್ತುವವರು ಮಾಯೆಗುಡ್ಡೆಗೆ ಒಂದು ಕಲ್ಲು ಹಾಕಿಯೇ ಹತ್ತುತ್ತಾರೆ. ಹೊಸ ಮದುಮಗಳ ಕೈಯಲ್ಲಂತೂ ಅತ್ತೆ ನಿಂತು ಹಾಕಿಸುತ್ತಾಳೆ. ತೋಟದ ತುಂಬ ಹೂ ಕೀಳಬಾರದು, ಹುಲ್ಲು ತುಳಿಯಬಾರದು ಎಂಬ ಫಲಕಗಳಿವೆ. ಇಲ್ಲಿ ಮಾತ್ರ ಯಾವ ಫಲಕವೂ ಇಲ್ಲ. ಸುತ್ತ ಕಲ್ಲು ಸಿಗದೆ ಬಂದವರು ಪರದಾಡುತ್ತಾರೆಂದು ಮಾಲಿಗಳು ಕೊಳದ ಕಡೆಯಿಂದ ಬುಟ್ಟಿಗಳಲ್ಲಿ ತಂದಿಡುತ್ತಾರೆ. ಮಕ್ಕಳ ಕೈಗೆ ಹಿಡಿಯುವಂಥ ಸಣ್ಣವನ್ನು ಆಯ್ದು ಬೇರೆ ಬುಟ್ಟಿಯಲ್ಲಿ ಇಟ್ಟಿರುತ್ತಾರೆ.