ಸಾಕು

"ಗುರುವೇ, ಗೆಳೆಯನೊಬ್ಬನಿಗೆ ತಮಾಷೆಗೆಂದು 'ಅರೆಪಾವು' ಅಂತ ಹೆಸರಿಟ್ಟೆ. ಆಳು ಗಿಡ್ಡ, ಅದಕ್ಕೆ. ಈಗ ಮಠದಲ್ಲೆಲ್ಲ ಅದೇ ಹೆಸರು. ಅವನು ಊಟಕ್ಕೂ ಬರುತ್ತಿಲ್ಲ. ಒಂದು ಅಡ್ಡಹೆಸರಿಗೆ ಅಷ್ಟು ಬಲವಿದೆಯೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ಕುಂಬಾರನಿಗೆ ಸಾಲಾಗಿ ಆರು ಹೆಣ್ಣುಮಕ್ಕಳು. ಏಳನೆಯದೂ ಹೆಣ್ಣೆಂದು ಸೂಲಗಿತ್ತಿ ಬಂದು ಹೇಳಿದಾಗ, ತಿಗರಿ ನಿಲ್ಲಿಸದೆಯೇ "ಸಾಕು" ಅಂದ. ತೊಟ್ಟಿಲಲ್ಲಿ ಬೇರೊಂದು ಹೆಸರಿಟ್ಟರು, ನಿಜ. ಅದು ತೊಟ್ಟಿಲಲ್ಲೇ ಉಳಿಯಿತು. ಊರ ಬಾಯಲ್ಲಿ ಅವಳು ಸಾಕು.

ಹುಡುಗಿ ಹೆಸರಿನ ಹಾಗೇ ಬೆಳೆದಳು. ಒಂದು ಸೌಟು ಬೀಳುವ ಮೊದಲೇ ಎಲೆಗೆ ಕೈ ಅಡ್ಡ ಹಿಡಿಯುವಳು. ಚಾಪೆಯ ಅಂಚಿನಲ್ಲಿ ಮಲಗುವಳು. ತನ್ನ ನೆರಳೂ ಹೆಚ್ಚಾಯಿತೇನೋ ಎಂಬಂತೆ ಗೋಡೆ ಹಿಡಿದು ನಡೆಯುವಳು.

ಒಂದು ಮಧ್ಯಾಹ್ನ ಮಣ್ಣು ತರಲು ಕೆರೆಗೆ ಹೋದವಳು ಬುಟ್ಟಿಯನ್ನು ದಡದಲ್ಲಿಟ್ಟು ನೀರಿಗಿಳಿದಳು. ಮೊಣಕಾಲು ಮುಳುಗಿತು. ಸೊಂಟ ಮುಳುಗಿತು. ನೀರು ಬೆಚ್ಚಗಿತ್ತು. ಅದರೊಳಗೆ ಮೋಡ ತೇಲುತ್ತಿತ್ತು. ಇನ್ನು ನಾಲ್ಕು ಹೆಜ್ಜೆ ಇಟ್ಟರೆ ಮೋಡದ ಮೇಲೇ ಕಾಲು.

ಕೆರೆಯ ಏರಿಯ ಮೇಲೆ ಪರವೂರಿನ ಮುದುಕಿಯೊಬ್ಬಳು ಬಂದಳು. ಕಂಕುಳಲ್ಲಿ ಒಂದು ಕುರಿಮರಿ.

"ಯಾರವ್ವ ನೀನು, ಹೆಸರೇನು? ಈ ಮರಿಯ ತಾಯಿ ಸತ್ತುಹೋಯಿತು ಕಣೇ. ಏನು ಮಾಡಲಿ ಇದನ್ನ, ನೀನಾದರೂ ಹೇಳು."

"ಸಾಕು," ಅಂದಳು ಹುಡುಗಿ.

ಅವಳು ಹೇಳಿದ್ದು ತನ್ನ ಹೆಸರು. ಮುದುಕಿಗೆ ಕೇಳಿದ್ದು ತನ್ನ ಮಾತಿಗೆ ಉತ್ತರ.

"ಸಾಕು ಅಂತೀಯಾ? ಅಯ್ಯೋ, ನಾನೇ ಇವತ್ತೋ ನಾಳೆಯೋ ಅನ್ನೋಳು. ನೀನೇ ಸಾಕು, ಮಗಳೇ!" ಎಂದು ಮುದುಕಿ ಸೀರೆ ನೆನೆಸಿಕೊಂಡು ನೀರಿಗಿಳಿದು, ಮರಿಯನ್ನು ಅವಳ ಕೈಗೆ ಹಾಕಿ ಹೊರಟುಹೋದಳು.

ಮರಿ ಬೆರಳು ಚೀಪಿತು. ಹುಡುಗಿ ನಿಂತೇ ಇದ್ದಳು. ಅದೇ ಎರಡಕ್ಷರ. ಹುಟ್ಟಿದಂದಿನಿಂದ ಕೇಳಿದ್ದಳು, ಹೀಗೆ ಕೇಳಿರಲಿಲ್ಲ.

ಅಂದು ಊಟಕ್ಕೆ ಕೂತಾಗ ಎಲೆಗೆ ಕೈ ಅಡ್ಡ ಬರಲಿಲ್ಲ. "ಇನ್ನೊಂದು ಸೌಟು ಹಾಕವ್ವ, ನಾವು ಇಬ್ಬರಿದ್ದೇವೆ," ಅಂದಳು. ಮುಂದೆ ಆ ಊರಿನ ತಾಯಿಯಿಲ್ಲದ ಮರಿ, ಕರು, ಕೂಸು ಎಲ್ಲವೂ ಅವಳ ಜಗಲಿಗೇ ಬಂದವು. ಸಾಕವ್ವ ಎಂದರೆ ಅವಳೇ.

ಶಿಷ್ಯನ ಮುಖ ಅರಳಿತು. "ಹಾಗಾದರೆ ಆ ಹೆಸರಿನಿಂದ ಒಳ್ಳೆಯದೇ ಆಯಿತಲ್ಲ, ಗುರುವೇ!"

ಗುರು ಅಂದರು: "ಎದ್ದು ಹೋಗಪ್ಪ, ನಿನ್ನ ಗೆಳೆಯನ ಕೆರೆಯ ಹಾದಿಯಲ್ಲಿ ಮುದುಕಿ ಯಾರಾದರೂ ಬರುತ್ತಿದ್ದಾಳೋ ನೋಡು."