ಒಂದೇ ಹಲಗೆಯ ಎರಡು ಗಿಟಾರ್

ಗದಗಿನಲ್ಲಿ ಮೌನೇಶಪ್ಪ ಬಡಿಗೇರ ಎಂಬ ಮುದುಕ ಗಿಟಾರ್ ಮಾಡಿಕೊಡುತ್ತಿದ್ದ. ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಗುರುಪಾದ ಮತ್ತು ಶಕೀಲ ಎಂಬ ಗೆಳೆಯರಿಬ್ಬರು ಅವನಿಂದ ಒಂದೊಂದು ಎಲೆಕ್ಟ್ರಿಕ್ ಗಿಟಾರ್ ಮಾಡಿಸಿಕೊಂಡರು. ಹಲಗೆ ಒಂದೇ, ಅಳತೆ ಒಂದೇ, ಬಣ್ಣವೂ ಒಂದೇ.

ನಾದ ಮಾತ್ರ ಒಂದೇ ಆಗಲಿಲ್ಲ. ಶಕೀಲನದು ಗಂಟೆಯ ಹಾಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಗುರುಪಾದನದು ಕೆಲವು ತಿಂಗಳಲ್ಲೇ ಯಾರೋ ಕಂಬಳಿ ಹೊದ್ದು ಮಾತಾಡಿದಂತೆ ಮಂದವಾಯಿತು. ಕಾರ್ಯಕ್ರಮ ಮುಗಿದ ಮೇಲೆ ಜನ ಶಕೀಲನನ್ನೇ ಹೊಗಳಿದರು. ಗುರುಪಾದನಿಗೆ ಹೊಟ್ಟೆ ಉರಿಯಿತು.

"ಮೌನೇಶಪ್ಪ ನನಗ ಕೆಟ್ಟ ಮರ ಹಾಕಿ ಮೋಸ ಮಾಡ್ಯಾನ" ಎಂದು ಕಂಡಕಂಡವರಿಗೆಲ್ಲ ಹೇಳಿದ. ಅದನ್ನು ಕೇಳಿ, ಗಿಟಾರ್ ಮಾಡಲು ಹೇಳಿದ್ದ ಇಬ್ಬರು ಬೇಡವೆಂದುಬಿಟ್ಟರು.

ವಿಷಯ ತಿಳಿದ ಶಕೀಲ ಗೆಳೆಯನನ್ನು ಮೌನೇಶಪ್ಪನ ಅಂಗಡಿಗೆ ಎಳೆದುಕೊಂಡು ಹೋದ. ಮುದುಕ ಸಿಟ್ಟಾಗಲಿಲ್ಲ. ಗುರುಪಾದನ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದ.

"ತಂತಿ ಯಾವಾಗ ಬದಲಿ ಮಾಡಿದ್ದಿ?"

"ತಂದಾಗಿಂದ ಅವ ಅದಾವ್ರೀ."

ತಂತಿಯ ಕಂಪನ ಹಿಡಿಯುವ ಪಿಕಪ್ ತಂತಿಗೆ ತಾಗುವಷ್ಟು ಮೇಲೆದ್ದಿತ್ತು. "ಇದನ್ನ ಏರಿಸಿದವರು ಯಾರು?"

"ನಾನ ರೀ. ಸೌಂಡ್ ಜೋರು ಬರಲಿ ಅಂತ..."

ಮೌನೇಶಪ್ಪ ಹೊಸ ತಂತಿ ಹಾಕಿ, ಸ್ಕ್ರೂ ತಿರುಗಿಸಿ ಪಿಕಪ್ಪನ್ನು ತುಸು ಇಳಿಸಿದ. ಮಂದತನ ಹೋಯಿತು. ಆದರೂ ನಾದ ಶಕೀಲನದಕ್ಕಿಂತ ಗಾಢವಾಗಿಯೇ ಇತ್ತು.

"ಇದು ನನ್ನ ಕೈಯಾಗಿನ ಫರಕು" ಎಂದ ಮುದುಕ. "ಪಿಕಪ್ಪಿನೊಳಗಿನ ತಾಮ್ರದ ಎಳಿ ನಾನ ಸುತ್ತೀನಿ. ನಿನ್ನದಕ್ಕ ಒಂದಿಷ್ಟು ಸುತ್ತು ಹೆಚ್ಚಿಗಿ ಬಿದ್ದಿರಬೇಕು. ಹೇಳು, ಬಿಚ್ಚಿ ಇವನದರಂಗ ಮಾಡ್ಲಿ?"

ಗುರುಪಾದ ಗಿಟಾರ್ ಎತ್ತಿಕೊಂಡು ಒಂದು ನಿಧಾನದ ಹಾಡು ನುಡಿಸಿದ. ತುಂಬಿದ ನಾದ ಅಂಗಡಿಯಲ್ಲೆಲ್ಲ ಹರಡಿತು.

"ಇಂಥಾದ್ದು ನನ್ನದರಾಗ ಬರೂದಿಲ್ಲಲೇ" ಎಂದ ಶಕೀಲ.

ಗುರುಪಾದ ಅದೇ ಹಾಡನ್ನು ಇನ್ನೊಮ್ಮೆ ನುಡಿಸಿ ನೋಡಿದ. "ಬ್ಯಾಡ್ರಿ, ಹಿಂಗ ಇರಲಿ" ಎಂದ. ಆಮೇಲೆ ತಲೆ ತಗ್ಗಿಸಿದ. "ನನ್ನದು ತಪ್ಪಾತ್ರೀ."

"ನನಗ ಹೇಳಿ ಏನ್ ಮಾಡ್ತೀಯೋ ತಮ್ಮಾ? ಯಾರಿಗೆ ಹೇಳಿದ್ಯೋ ಅವರಿಗೆ ಹೋಗಿ ಹೇಳು."

ಗುರುಪಾದ ಅಂದೇ ಆ ಇಬ್ಬರ ಮನೆಗೆ ಹೋಗಿ ತಾನಾಡಿದ್ದು ಸುಳ್ಳೆಂದು ಒಪ್ಪಿಕೊಂಡ. ಒಬ್ಬ ಮೌನೇಶಪ್ಪನಲ್ಲಿಗೆ ಮರಳಿ ಬಂದ. ಇನ್ನೊಬ್ಬ ಆಗಲೇ ಬೇರೆ ಊರಿನಿಂದ ಗಿಟಾರ್ ತರಿಸಿಕೊಂಡಿದ್ದ.

ನೀತಿ: ಬೇರೆಯಾಗಿದ್ದ ಮಾತ್ರಕ್ಕೆ ಯಾವುದೂ ಕೀಳಲ್ಲ. ಇನ್ನೊಬ್ಬರ ಮೇಲೆ ತಪ್ಪು ಹೊರಿಸುವ ಮೊದಲು ಕಾರಣ ಹುಡುಕಬೇಕು; ಆಡಿದ ಮಾತನ್ನು ಪೂರ್ತಿ ಹಿಂದಕ್ಕೆ ತರಲಾಗದು.